ಬೆಟಗೇರಿ ಮಗ್ಗದ ಶೆಡ್ಡು, ಪಂಚಮಿ ಜಗಳ, ಐದು ಚೀಟಿ: ನಮ್ಮನಿದೇ ಒಂದು ಪ್ರಕರಣ ಅಧ್ಯಯನ

ಮೊದಲ ಹೇಳಿಬಿಡ್ತೀನಿ, ನಾ ಸಮಾಜಶಾಸ್ತ್ರ ಓದಿದಾಕಿ ಅಲ್ಲ. ಹುಬ್ಬಳ್ಳ್ಯಾಗ ಒಂದು ಅಂಗಡಿ ಕಂಪನ್ಯಾಗ ಅಕೌಂಟ್ಸ್ ನೋಡ್ತೀನಿ, ತವರುಮನಿ ಗದಗಿನ ಜೋಡಿ ಊರು ಬೆಟಗೇರಿ. ಪ್ರಕರಣ ಅಧ್ಯಯನ ಅಂತ ದೊಡ್ಡ ಹೆಸರು ಯಾಕ ಇಟ್ಟೆ ಅಂದ್ರ ಈ ಜಗಳ ಒಂದಿನಾ ಎರಡು ದಿನದ್ದಲ್ಲ, 2023ರ ಮೇ ತಿಂಗಳದಾಗ ಶುರು ಆಗಿ 2024ರ ಪಂಚಮಿತನಕ ಎಳೀತು, ನಡುವ ಒಬ್ರು ಫ್ಯಾಮಿಲಿ ಗ್ರೂಪ್ ಬಿಟ್ರು, ಒಂದು ಮದುವ್ಯಾಗ ಇಬ್ರು ಒಂದ ಪಂಕ್ತ್ಯಾಗ ಊಟಕ್ಕ ಕೂಡಲಿಲ್ಲ. ಎಲ್ಲಾ ಮುಗದಮ್ಯಾಲ ಜಮಾ-ಖರ್ಚು ಬರದಂಗ ಬರದು ನೋಡಬೇಕು ಅನಿಸ್ತು. ನನ್ನ ತಪ್ಪನ್ನೂ ಖರ್ಚಿನ ಕಡೆ ಹಾಕೀನಿ, ಬಿಟ್ಟಿಲ್ಲ.

ಯಾರ್ಯಾರು ಅಂದ್ರ

ದೊಡ್ಡಪ್ಪ, ಗದಗಿನ ದಲಾಲಿ ಅಂಗಡ್ಯಾಗ ಮೂವತ್ತು ವರ್ಷ ಗುಮಾಸ್ತಗಿರಿ ಮಾಡಿದಾವ್ರು, ಹತ್ತಿ ಅಂಡಿಗಿ ಕಣ್ಣಿಂದ ನೋಡೇ ತೂಕ ಹೇಳ್ತಿದ್ರು ಅಂತ ಅವರ ಬಗ್ಗೆ ಈಗ್ಲೂ ಮಾತೈತಿ. ಕಾಕಾ, ಪವರ್‌ಲೂಮ್ ನಡಸಿದಾವ್ರು. ಕಾಕು, ಅವರ ಹೆಂಡ್ತಿ. ಅತ್ತಿ, ಅಪ್ಪನ ಅಕ್ಕ, ಅದ ಓಣ್ಯಾಗ ಮೂರನೇ ಮನಿ. ಕಾಕಾನ ಮಗ, ನನಗ ತಮ್ಮ ಆಗಬೇಕು, ಬೆಂಗಳೂರಾಗ ಸಾಫ್ಟ್‌ವೇರ್. ಮತ್ತ ನಾನು. ಅಪ್ಪ ಈಗಿಲ್ಲ. ಯಾರು ಯಾವ ಪಾರ್ಟಿ ಅಂತ ನಾ ಹೇಳಂಗಿಲ್ಲ, ಹೇಳಿದ್ರ ಓದೋರು ಅರ್ಧದಾಗ ಬಿಟ್ಟು ಅದನ್ನ ಹಿಡಕೊಂಡು ಕೂಡ್ತೀರಿ.

ಮನಿ ಹಿಂದ ಒಂದು ಶೆಡ್ಡು. ಅಜ್ಜನ ಕಾಲದಾಗ ಅಲ್ಲೇ ಕೈಮಗ್ಗದ ಕುಣಿ ಇತ್ತು, ಆಮ್ಯಾಲ ಅದನ್ನ ಮುಚ್ಚಿ ಪವರ್‌ಲೂಮ್ ಕೂಡಿಸಿದ್ರು. ಈ ಜಗಳದ ಟೈಮಿಗೆ ಎರಡು ಮಗ್ಗ ಇದ್ವು, ನಡೀತಿದ್ದದ್ದು ಒಂದು, ಅದೂ ಕಾಕಾನ ಸೊಂಟ ಒಪ್ಪಿದ ದಿನ ಅಷ್ಟ.

ಜಗಳದ ಹಿಸ್ಟರಿ

2023ರ ವಿಧಾನಸಭಾ ಇಲೆಕ್ಷನ್ ಟೈಮಿನ್ಯಾಗ ದೊಡ್ಡಪ್ಪ ಗ್ರೂಪಿಗೆ ಒಂದು ಫಾರ್ವರ್ಡ್ ಹಾಕಿದ್ರು, ಪೋಸ್ಕೋ ಬಂದಿದ್ರ ಗದಗ ಇವತ್ತು ಬಳ್ಳಾರಿ ಕಡೆ ಸ್ಟೀಲ್ ಫ್ಯಾಕ್ಟರಿ ಇರೋ ತೋರಣಗಲ್ಲಿಗಿಂತ ದೊಡ್ಡದಾಗ್ತಿತ್ತು, ನಮ್ಮ ಮಂದೀನ ನಮ್ಮ ಊರು ಕೆಡಿಸಿದ್ರು ಅಂತ. ನಾ ಏನ್ ಮಾಡಿದೆ ಅಂದ್ರ ಅಳಿಯಂದ್ರು ಬೀಗರು ಎಲ್ಲಾ ಇರೋ ಗ್ರೂಪಿನ್ಯಾಗ ಹಳೇ ಪೇಪರ್ ಕಟಿಂಗ್ ಫೋಟೋ ಒಂದರ ಹಿಂದ ಒಂದು ಹಾಕಿ, ಪಾಯಿಂಟ್ ನಂಬರ್ ಕೊಟ್ಟು, ಅವರು ಹೇಳಿದ್ದು ತಪ್ಪು ಅಂತ ಸಾಬೀತು ಮಾಡಿದೆ. ಸಾಬೀತು ಆತು ಖರೇ. ಐದು ನಿಮಿಷದಾಗ ದೊಡ್ಡಪ್ಪ ಗ್ರೂಪ್ ಬಿಟ್ರು. ವರ್ಷದ ಮ್ಯಾಲ ಆದ್ರೂ ನನ್ನ ಕೂಡ ಮಾತಿಲ್ಲ, ಮದುವ್ಯಾಗ ಎದುರು ಬಂದ್ರ ಚಪ್ಪಲಿ ಹುಡುಕವರಂಗ ಬಗ್ಗಿಬಿಡ್ತಿದ್ರು.

ಪೋಸ್ಕೋ ಸುದ್ದಿ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ಬೇಕು, ಯಾಕಂದ್ರ ಗದಗ ಜಿಲ್ಲಾದಾಗ ಇದರಷ್ಟು ಮನಿ ಮುರದ ವಿಷಯ ಬ್ಯಾರೆ ಇಲ್ಲ. 2010ರ ಜೂನಿನ್ಯಾಗ ಬೆಂಗಳೂರಾಗ ಬಂಡವಾಳ ಹೂಡಿಕೆದಾರರ ಸಮಾವೇಶ ಆತಲ್ಲ, ಆವಾಗ ಕೊರಿಯಾದ ಪೋಸ್ಕೋ ಕಂಪನಿ 32,336 ಕೋಟಿ ರೂಪಾಯಿದು, ವರ್ಷಕ್ಕ 60 ಲಕ್ಷ ಟನ್ನಿನ ಸ್ಟೀಲ್ ಫ್ಯಾಕ್ಟರಿಗೆ ಸರ್ಕಾರದ ಜೋಡಿ ಒಪ್ಪಂದ ಮಾಡ್ಕೊಂತು. ಜಾಗ ನೋಡಿದ್ದು ಮುಂಡರಗಿ ತಾಲೂಕಿನ ಹಳ್ಳಿಗುಡಿ ಕಡೆ, ಮೂರು ಸಾವಿರ ಎಕರೆ ಮ್ಯಾಲ, ಎರಿ ಹೊಲ. ರೈತರು ಎದ್ರು, ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ಮುಂದ ನಿಂತ್ರು, 2011ರ ಜುಲೈದಾಗ ಆಗಿನ ಮುಖ್ಯಮಂತ್ರಿ ಯಡಿಯೂರಪ್ಪ ಭೂಸ್ವಾಧೀನ ನಿಲ್ಲಿಸ್ರಿ ಅಂದ್ರು. ಇಷ್ಟು ದೊಡ್ಡಪ್ಪಗೂ ಗೊತ್ತು. ನಾ ಹಾಕಿದ ಕಟಿಂಗ್ ಯಾವುದು ಅಂದ್ರ ಅದ ತಿಂಗಳಿಂದು. ಜುಲೈ 27ಕ್ಕ ಅಕ್ರಮ ಗಣಿಗಾರಿಕೆ ಬಗ್ಗೆ ಲೋಕಾಯುಕ್ತ ವರದಿ, 29ಕ್ಕ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲಾದಾಗ ಗಣಿಗಾರಿಕೆ ಬಂದ್ ಮಾಡಿಸ್ತು, 31ಕ್ಕ ಯಡಿಯೂರಪ್ಪ ರಾಜೀನಾಮೆ. ಮುಂದ 2013ರ ಜುಲೈದಾಗ ಪೋಸ್ಕೋದವರು ಕರ್ನಾಟಕದ ಯೋಜನಾ ಕೈಬಿಟ್ವಿ ಅಂತ ತಾವ ಹೇಳಿದಾಗ ಜನರ ವಿರೋಧ ಅಷ್ಟ ಅಲ್ಲ, ಅದಿರಿನ ಗಣಿ ಹಕ್ಕು ಸಿಗೋದು ತಡಾ ಆತು ಅನ್ನೋದನ್ನೂ ಕಾರಣ ಕೊಟ್ರು. ಅಂದ್ರ ಹೊಲ ಕೊಟ್ಟಿದ್ರೂ ಫ್ಯಾಕ್ಟರಿ ಬರ್ತಿತ್ತು ಅಂತ ಗ್ಯಾರಂಟಿ ಹೇಳಾಕ ಬರಂಗಿಲ್ಲ, ಸ್ವಾಮಿಗಳು ರೈತರು ಅಷ್ಟ ಕೆಡಿಸಿದ್ರು ಅನ್ನೋದು ಅರ್ಧ ಮಾತು. ನಂದು ಬರೋಬ್ಬರಿ ಇತ್ತು. ಬರೋಬ್ಬರಿ ಇದ್ದದ್ದ ತ್ರಾಸ ಆತು.

2024ರ ಲೋಕಸಭಾ ಇಲೆಕ್ಷನ್, ನಮ್ಮಲ್ಲೆ ಮೇ 7ಕ್ಕ ಓಟಿಂಗ್, ಎರಡನೇ ರೌಂಡ್. ಈ ಸಲ ಅತ್ತಿ ಶುರು ಮಾಡಿದ್ರು. ನಮ್ಮ ಜಿಲ್ಲಾಕ್ಕ ಎಂಪಿ ಕ್ಷೇತ್ರದ ಹೆಸರು ಸೈತ ಇಲ್ಲ ನೋಡ, ಗದಗಿನವರು ಹಾವೇರಿ ಅಂತ ಓಟ್ ಹಾಕಬೇಕು, ಇನ್ನ ಊರು ಹೆಂಗ ಉದ್ಧಾರ ಆಗಬೇಕು, ಎಲ್ಲಾ ನಿಮ್ಮ ಹುಬ್ಬಳ್ಳಿ ತಿಂತು. ನಾ ಹುಬ್ಬಳ್ಳ್ಯಾಗ ಬಾಡಗಿ ಕಟ್ಟತೀನಿ ಅಷ್ಟ, ಅತ್ತಿ ಲೆಕ್ಕದಾಗ ರೈಲ್ವೆ ವಲಯ, ಏರ್‌ಪೋರ್ಟು ಎಲ್ಲಾ ನನ್ನ ಕೂಡಾನ ಇಟ್ಕೊಂಡೀನಿ! ಇದರಾಗ ಒಂದು ಮಜಾ ಐತಿ. ಬೆಟಗೇರಿಯವರು ಕೇಳಿದ್ರ ನಗರಸಭೆ ಎಲ್ಲಾ ಗದಗಿಗೇ ಹಾಕ್ತದ ಅಂತಾರ. ಗದಗಿನವರು ಹುಬ್ಬಳ್ಳಿ ತಿಂತು ಅಂತಾರ. ಹುಬ್ಬಳ್ಳ್ಯಾಗ ನಮ್ಮ ಆಫೀಸಿನವರು, 2023ರಾಗ ಉದ್ಘಾಟನೆ ಆದ 1,507 ಮೀಟರಿನ ಪ್ಲಾಟ್‌ಫಾರಂ ತೋರಿಸಿ, ಜಗತ್ತಿನ್ಯಾಗ ಇಷ್ಟುದ್ದದ್ದು ಎಲ್ಲೂ ಇಲ್ಲರೀ, ಬೆಂಗಳೂರಿಗೆ ಹೋಗೋ ಹುಡುಗೂರು ನಿಂದ್ರಾಕ ಜಾಗ ಸಾಲೂದಿಲ್ಲಂತ ಮಾಡಿಕೊಟ್ಟಾರ ಅಂತ ನಗ್ತಾರ. ಬೆಂಗಳೂರಾಗಿರೋ ತಮ್ಮನ್ನ ಕೇಳಿದ್ರ ಪಗಾರ ಎಲ್ಲಾ ಬಾಡಗಿ ತಿಂತಾದ ಅಕ್ಕಾ ಅಂತಾನ.

ಕಾಕಾ ಮತ್ತ ತಮ್ಮ ಅಪ್ಪ-ಮಗ ಆದ್ರೂ ರಾಜಕೀಯದಾಗ ಉತ್ತರ-ದಕ್ಷಿಣ. ಕಾಕಾ ನೋಟ್ ಬಂದ್, ಜಿಎಸ್‌ಟಿ ಅಂತಾರ. ತಮ್ಮ ಫ್ರೀ ಸ್ಕೀಮ್ ಅಂತಾನ. ಹತ್ತು ಎಚ್‌ಪಿ ತನಕ ಮಗ್ಗಕ್ಕ ಕರೆಂಟ್ ಫ್ರೀ ಅಂತ 2023ರ ಬಜೆಟ್ಟಿನ್ಯಾಗ ಹೇಳಿದ್ರಲ್ಲ, ಅದನ್ನ ತಮ್ಮ ಚೇಷ್ಟಿ ಮಾಡಿದಾಗ ಕಾಕಾ, ಕರೆಂಟ್ ಫ್ರೀ ಖರೇ, ನೂಲು ನಿಮ್ಮಪ್ಪ ಕೊಡ್ತಾನೇನ ಅಂದ್ರು. ನಿಮ್ಮಪ್ಪ ಅಂದ್ರ ತಾವ ಅನ್ನೋದು ಅವರಿಗೆ ಆಮ್ಯಾಲ ಹೊಳೀತು, ಯಾರೂ ನಗಲಿಲ್ಲ.

ಪಂಚಮಿ ದಿನ

2024ರ ಆಗಸ್ಟ್ 9, ಶುಕ್ರವಾರ. ನಾ ಹಿಂದಿನ ದಿನಾನ ಹೋಗಿದ್ದೆ, ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟು ಎಲ್ಲಾ ಡಬ್ಬಿ ತುಂಬಿದ್ವು, ಶೆಡ್ಡಿನ ಜಂತಿಗೇ ಜೋಕಾಲಿ ಕಟ್ಟಿದ್ರು, ಮಗ್ಗ ಒಂದು ಕಡೆ ಸರಿಸಿ. ಹಾಲೆರದು ಊಟ ಮುಗದಮ್ಯಾಲ ತಮ್ಮ ಮಾತು ತಗದ. ಬ್ರೋಕರ್ ಬಂದಿದ್ದನಂತ, ಶೆಡ್ಡಿನ ಜಾಗಕ್ಕ ಒಳ್ಳೆ ರೇಟ್ ಹೇಳ್ಯಾನಂತ, ಕೊಟ್ಟಬಿಡೂಣು, ಬೆಂಗಳೂರಾಗ ಫ್ಲ್ಯಾಟಿಗೆ ಮೊದಲಿನ ಕಂತು ಆಗತೈತಿ. ಕಾಕಾ ಸುಮ್ನ ಎದ್ದು ಹೋಗಿ ಮಗ್ಗಕ್ಕ ಒರಗಿ ನಿಂತ್ರು.

ಇಲ್ಲಿಂದ ಮಾತು ಜಾಗದ ಬಗ್ಗೆ ನಡೀಬೇಕಿತ್ತು. ನಡೀಲಿಲ್ಲ. ಎರಡ ನಿಮಿಷದಾಗ ಎಲ್ಲಾರೂ ಪಾರ್ಟಿಗೆ ಬಂದ್ರು. ತಮ್ಮ ಹೇಳ್ದ, ಈ ಊರು ಸತ್ತು ಇಪ್ಪತ್ತು ವರ್ಷ ಆತು, ನೀವು ಹೆಣಾ ಕಾಯಕತ್ತೀರಿ. ಕಾಕಾ, ಊರು ಸತ್ತಿಲ್ಲಲೇ, ಕೊಂದ್ರು, ಕೊಂದಾವ್ರಿಗೆ ನೀ ಓಟ್ ಹಾಕ್ತೀ. ದೊಡ್ಡಪ್ಪ (ಆಗ ಮಾತು ಬಿಟ್ಟಿದ್ರೂ ಹಬ್ಬಕ್ಕ ಬಂದಿದ್ರು, ನನ್ನ ಕಡೆ ನೋಡ್ತಿರಲಿಲ್ಲ), ಏಷ್ಯಾದಾಗ ಮೊದಲನೇ ಕೃಷಿ ಸಹಕಾರಿ ಸಂಘ ಕಟ್ಟಿದ ಮಂದಿ ನಾವು, ಕಣಗಿನಹಾಳ, 1905, ಸಿದ್ಧನಗೌಡ ಪಾಟೀಲರು, ಅಂಥಾ ಊರು ಪೋಸ್ಕೋ ಹೋದದ್ದಕ್ಕ… ಅಂತ ಶುರು. ಅತ್ತಿ, ಹುಬ್ಬಳ್ಳಿ.

ನನಗ ಅವತ್ತು ಗೊತ್ತಾತು, ಇದು ರಾಜಕೀಯದ ಜಗಳಾನ ಅಲ್ಲ. ಊರು ಸತ್ತೈತಿ ಅನ್ನಾಂವ ಶೆಡ್ಡು ಮಾರ್ರಿ ಅನ್ನಾಕತ್ತಾನ. ಊರನ್ನ ಕೊಂದ್ರು ಅನ್ನಾವ್ರು ಮಾರಂಗಿಲ್ಲ ಅನ್ನಾಕತ್ತಾರ. ಫ್ಲ್ಯಾಟಿನ ಕಂತು ಅಂತ ಬಾಯಿ ಬಿಟ್ಟು ಹೇಳಿದ್ರ ಸಣ್ಣ ಅನಿಸ್ತದ, ನನ್ನ ಸೊಂಟ ಹೋಗೇತಿ ಆದ್ರ ಈ ಮಗ್ಗ ಬಿಟ್ರ ನಾ ಯಾರು ಅನ್ನೋದೂ ಬಾಯಿಗೆ ಬರಂಗಿಲ್ಲ, ದಿಲ್ಲಿ ಬೆಂಗಳೂರು ಸರ್ಕಾರದ ಹೆಸರು ಹೇಳಿದ್ರ ಎರಡೂ ಕಡೆ ಮರ್ಯಾದಿ ಉಳೀತದ.

ಆಗ ನಾ ಏನ್ ಮಾಡಿದೆ ಅಂದ್ರ, ಪ್ಲಾನ್ ಏನೂ ಇರಲಿಲ್ಲ, ಕ್ಯಾಲೆಂಡರಿನ ಹಳೇ ಹಾಳಿ ಹರದು ಐದು ಚೀಟಿ ಮಾಡಿ ಎಲ್ಲಾರ ಕೈಯಾಗ ಕೊಟ್ಟು, ಪಾರ್ಟಿ ಹೆಸರು ಬ್ಯಾಡ, ಕಾರಣ ಬ್ಯಾಡ, ಊರು ಯಾವ ವರ್ಷ ಕೆಟ್ಟಿತು ಅಷ್ಟ ಬರೀರಿ ಅಂದೆ. ಆಫೀಸಿನ್ಯಾಗ ಲೆಕ್ಕ ಕೂಡಲಾರದಾಗ ನಾವು ಹಂಗ ಮಾಡ್ತೀವಿ, ಯಾರು ತಪ್ಪು ಮಾಡಿದ್ರು ಅಂತ ಕೇಳಂಗಿಲ್ಲ, ಯಾವ ತಾರೀಖಿನಿಂದ ಫರಕ್ ಬಂತು ಅಂತ ಹುಡುಕ್ತೀವಿ.

ದೊಡ್ಡಪ್ಪ 2011 ಬರದ್ರು. ಕಾಕಾ 2016. ಅತ್ತಿ 2003, ಹುಬ್ಬಳ್ಳಿಗೆ ರೈಲ್ವೆ ವಲಯ ಬಂದ ವರ್ಷ. ತಮ್ಮ ದೊಡ್ಡಪ್ಪನ್ನ ಕೆಣಕಾಕ 1905 ಅಂತ ಬರದ, ಆಮ್ಯಾಲ ಏನೂ ಆಗೇ ಇಲ್ಲ ಅಂತ. ನಾ ಬರದದ್ದು 2008.

ನಂದು ಮೊದಲ ಹೇಳ್ತೀನಿ. 2008ರಾಗ ಅಪ್ಪ ತನ್ನ ಪಾಲಿನ ಎರಡು ಮಗ್ಗ ಮಾರಿದ್ರು. ಕಾಲೇಜಿಂದ ಬಂದೆ, ಓಣಿ ತಿರುವಿನ್ಯಾಗ ಕೇಳಬೇಕಾಗಿದ್ದ ಖಟಾಖಟ್ ಸಪ್ಪಳ ಅರ್ಧ ಆಗಿತ್ತು. ಮುಂದ ಅಪ್ಪ ಬಟ್ಟಿ ಅಂಗಡ್ಯಾಗ ಸೀರಿ ಬಿಚ್ಚಿ ತೋರ್ಸೋ ಕೆಲಸಕ್ಕ ಹೋದ್ರು. ನೇಯ್ದ ಕೈ ಮಡಚೋ ಕೈ ಆತು. ನನ್ನ ಮಟ್ಟಿಗೆ ಊರು ಅವತ್ತ ಕೆಟ್ಟಿತ್ತು, ಆ ವರ್ಷ ಯಾವ ಸರ್ಕಾರ ಇತ್ತೋ ಅದನ್ನ ಹದಿನೈದು ವರ್ಷ ಬೈಕೋತ ಬಂದೀನಿ, ಪುರಾವಿ ಕೇಳಿದ್ರ ಇರಲಿಲ್ಲ.

ದೊಡ್ಡಪ್ಪನ 2011 ಪೋಸ್ಕೋ ಅಂತ ಎಲ್ಲಾರೂ ತಿಳಕೊಂಡ್ವಿ. ಅತ್ತೀನ ಬಾಯಿಬಿಟ್ಟಿದ್ದು, ಅದ ವರ್ಷ ಅಲ್ಲೇನೋ ನಿನ್ನ ಮಗ ತೋರಣಗಲ್ಲಿಗೆ ಹೋದದ್ದು ಅಂತ. ಹೌದು. ಡಿಪ್ಲೊಮಾ ಮುಗಿಸಿ ಊರಾಗ ಕುಂತಿದ್ದ ಹುಡುಗ, ಪೋಸ್ಕೋ ಬರತೈತಿ, ಮುಂಡರಗಿ ಅಂದ್ರ ಮನಿ ಅಂಗಳ ಅಂತ ಒಂದು ವರ್ಷ ಕಾದಿದ್ದ. ಈಗ ವರ್ಷಕ್ಕ ಎರಡು ಸಲ ಬರ್ತಾನ, ಮೊಮ್ಮಕ್ಕಳು ದೊಡ್ಡಪ್ಪನ್ನ ನೋಡಿದ್ರ ಅಳ್ತಾವು. ನಾ ಗ್ರೂಪಿನ್ಯಾಗ ಪಾಯಿಂಟ್ ನಂಬರ್ ಹಾಕಿ ತೋರ್ಸಿದ್ದೆಲ್ಲಾ ಅದಿರಿನ ಬಗ್ಗೆ ಇತ್ತು.

ಅತ್ತೀದು 2003. ಆ ವರ್ಷ ಅತ್ತಿ ಗಂಡ, ನಮ್ಮ ಮಾವಂದು ಕೆಲಸ ಹುಬ್ಬಳ್ಳಿಗೆ ಶಿಫ್ಟ್ ಆಗಿ, ಮಾವ ಮನಿ ಬಿಡಲಾರದ ದಿನಾ ಪ್ಯಾಸೆಂಜರ್ ಗಾಡ್ಯಾಗ ಹೋಗಿ ಬಂದು ಮಾಡಿ ಮಾಡಿ ಹಾರ್ಟ್ ಪೇಶಂಟ್ ಆದ್ರು. ಅದನ್ನ ಅವತ್ತ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲಾರಿಗೂ ಗೊತ್ತಿತ್ತು.

ಕಾಕಾನ ವಹಿ

ಕಾಕಾನ 2016ರ ಮ್ಯಾಲ ಮಾತ್ರ ನನಗ ತಕರಾರು ಇತ್ತು, ಯಾಕಂದ್ರ ಅವರ ಮಜೂರಿ ವಹಿ ಮಾಳಗಿಮ್ಯಾಲ ಟ್ರಂಕಿನ್ಯಾಗ ಇದ್ದದ್ದು ನನಗ ಗೊತ್ತಿತ್ತು. ಇಳಿಸ್ಕೊಂಡು ಬಂದೆ. ಸಾವಕಾರ ಕೊಟ್ಟ ನೂಲಿನ ತೂಕ, ತಿರುಗಿ ಕೊಟ್ಟ ಸೀರಿ, ಮಜೂರಿ, ಎಲ್ಲಾ ಐತಿ. 1994ರಾಗ ಎಂಟು ಮಗ್ಗ. 2001ಕ್ಕ ಆರು. 2008ಕ್ಕ ನಾಲ್ಕು. 2012ಕ್ಕ ಎರಡು. ನೋಡ್ರಿ ಕಾಕಾ, ನೋಟ್ ಬಂದ್ ಆಗೋದ್ರಾಗ ಆರು ಮಗ್ಗ ಹೋಗೇಬಿಟ್ಟಿದ್ವು ಅಂದೆ. ಅಂದಮ್ಯಾಲ ಮತ್ತ ಗ್ರೂಪಿನ ತಪ್ಪ ಮಾಡಿದೆ ಅಂತ ಹೊಳೀತು.

ಕಾಕಾ ವಹಿ ಮುಚ್ಚಿದ್ರು. ಹೋದ ಆರಕ್ಕ ನಾ ಅತ್ತಿಲ್ಲವಾ, ಉಳದ ಎರಡಕ್ಕ ಅತ್ತೀನಿ. ಎಂಟಿದ್ದಾಗ ಎರಡು ಹೋದ್ರ ಧಂದೆ, ಎರಡಿದ್ದಾಗ ಕೆಲಸ ನಿಂತ್ರ ಅನ್ನ. 2016ರ ನವೆಂಬರದಾಗ ಸಾವಕಾರ ಆರು ವಾರದ ಮಜೂರಿ ಹಳೇ ಐನೂರರ ನೋಟಿನ್ಯಾಗ ಕೊಟ್ಟ, ಬ್ಯಾಂಕಿನ ಲೈನಿನ್ಯಾಗ ನಿಂತು ನಾ ಚಾ ಕುಡಿಯಾಕ ರೊಕ್ಕ ಇಲ್ದ ಬಂದೀನಿ. ಮುಂದಿನ ವರ್ಷ ಜುಲೈದಾಗ ಬಟ್ಟಿಗೆ 5 ಪರ್ಸೆಂಟ್ ಜಿಎಸ್‌ಟಿ ಅಂದ್ರು, ಸಾವಕಾರ ನೂಲು ಕೊಡೋದ ಬಿಟ್ಟ. ಅದೂ ವಹ್ಯಾಗ ಐತಿ, ಖಾಲಿ ಪಾನ ನೋಡ.

ಖಾಲಿ ಪಾನ ಇತ್ತು. ಲೆಕ್ಕದಾವರು ಖಾಲಿ ಪಾನ ಓದಂಗಿಲ್ಲ, ಅದು ನಮ್ಮ ರೋಗ.

ಆದ್ರ ಮೊದಲಿನ ಆರು ಯಾಕ ಹೋದ್ವು ಅನ್ನೋದೂ ಅವತ್ತ ಬಂತು, ಜಗಳ ಇಲ್ದ, ಕಾಕಾನ ಬಾಯಾಗ ಬಂತು. ಸೂರತ್ತಿನ ಪಾಲಿಯೆಸ್ಟರ್ ಸೀರಿ. ಒಗದ್ರ ಬಣ್ಣ ಹೋಗಂಗಿಲ್ಲ, ಇಸ್ತ್ರಿ ಬ್ಯಾಡ, ರೇಟ್ ನಮ್ಮ ನೂಲಿನ ಖರ್ಚಿಗಿಂತ ಕಡಿಮಿ. ಆ ಕಡೆ ಮಹಾರಾಷ್ಟ್ರದ ಇಚಲಕರಂಜಿ, ಹೊಸ ಮಗ್ಗ, ದೊಡ್ಡ ಬಂಡವಾಳ. ಅಷ್ಟೊತ್ತಿಗೆ ಕಾಕು, ನಿಮ್ಮ ಅಕ್ಕ ಉಟ್ಟದ್ದು ಯಾವೂರ ಸೀರಿ ಕೇಳ್ರಿ ಅಂದ್ರು. ಅತ್ತಿ ಸೆರಗು ಒಳಗ ಸಿಗಿಸ್ಕೊಂಡ್ರು. ಅವತ್ತ ಮನ್ಯಾಗ ಹನ್ನೊಂದು ಹೆಣ್ಣುಮಕ್ಕಳು ಇದ್ವಿ, ಬೆಟಗೇರಿ ಸೀರಿ ಒಬ್ರ ಮೈಮ್ಯಾಲೂ ಇರಲಿಲ್ಲ, ನಂದು ಡ್ರೆಸ್ಸು.

ಇನ್ನ ಒಂದು ಹೆಜ್ಜಿ ಹಿಂದ ಹೋದ್ರ ಅಜ್ಜ. 1985ರಾಗ ಕೇಂದ್ರ ಸರ್ಕಾರ ಕಾಯ್ದೆ ಮಾಡಿ 22 ನಮೂನಿ ಬಟ್ಟಿ ಕೈಮಗ್ಗಕ್ಕಷ್ಟ ಅಂತ ಮೀಸಲು ಇಟ್ಟಿತ್ತು, ಆಮ್ಯಾಲ ಅದು 11ಕ್ಕ ಇಳೀತು. ಆ ಮೀಸಲಿನ ಬಟ್ಟೀನ ಕದ್ದು ಪವರ್‌ಲೂಮಿನ್ಯಾಗ ಹಾಕಿದವರಾಗ ನಮ್ಮ ಕಾಕಾನೂ ಒಬ್ರು. ಅಜ್ಜ ತೀರೋತನಕ ಶೆಡ್ಡಿನೊಳಗ ಕಾಲಿಡಲಿಲ್ಲಂತ, ಊರು ಕೆಟ್ಟಿದ್ದು ಈ ಕರೆಂಟ್ ಮಗ್ಗ ಬಂದಮ್ಯಾಲ ಅಂತಿದ್ರಂತ. ಅಂದ್ರ ಅಜ್ಜನ ಚೀಟಿ ಬರಸಿದ್ರ ಅದರ ಮ್ಯಾಲ ಕಾಕಾನ ಧಂದೆ ಶುರುವಾದ ವರ್ಷ ಇರ್ತಿತ್ತು. ಇದನ್ನ ನಾ ಹೇಳಲಿಲ್ಲ. ಕಾಕಾನ ಹೇಳಿ, ಅಡಕಿ ಬಾಯಿಗೆ ಹಾಕ್ಕೊಂಡು, ಹೂಂ ಅಂದು ಕುಂತ್ರು.

ಆರನೇ ಚೀಟಿ

ಕಾಕು ಒಳಗ ಭಾಂಡಿ ಇಡಕೋತ, ನಂಗ ಚೀಟಿ ಇಲ್ಲೇನ ಅಂದ್ರು.

ನಾ ಐದ ಚೀಟಿ ಮಾಡಿದ್ದೆ. ಆ ಶೆಡ್ಡಿನ್ಯಾಗ ಮೂವತ್ತು ವರ್ಷ ರಾಟಿ ತಿರುಗಿಸಿ ಕಂಡಿಕಿ (ಲಾಳಿಯೊಳಗ ಹಾಕೋ ನೂಲಿನ ಸುರುಳಿ) ಸುತ್ತಿದಾಕಿ ಕಾಕು, ಕಂಡಿಕಿ ಇಲ್ಲಾಂದ್ರ ಲಾಳಿ ಖಾಲಿ, ಲಾಳಿ ಖಾಲಿ ಅಂದ್ರ ಹೊಕ್ಕು, ಅಂದ್ರ ಅಡ್ಡ ನೂಲು ಇಲ್ಲ. ವಹಿ ಮತ್ತ ತಿರುವಿ ನೋಡಿದೆ, ಹಾಸು ಹೂಡಿದಾಂವಗ ಮಜೂರಿ ಐತಿ, ಬಣ್ಣದಾಂವಗ ಐತಿ, ಕಂಡಿಕಿಗೆ ಒಂದ ಪೈಸಾ ಎಲ್ಲೂ ಬರದಿಲ್ಲ. ಅದಕ್ಕ ಗೃಹಲಕ್ಷ್ಮಿ ಎರಡು ಸಾವಿರದ ಬಗ್ಗೆ ತಮ್ಮ ಟೀಕಾ ಮಾಡಿದಾಗೆಲ್ಲಾ ಕಾಕು ಯಾಕ ಒಳಗ ಎದ್ದು ಹೋಗ್ತಿದ್ರು ಅಂತ ನನಗ ಆವತ್ತು ತಿಳೀತು. ಅವರ ಹೆಸರ್ಲೆ ಬಂದ ಮೊದಲನೇ ರೊಕ್ಕ ಅದು. ಸರ್ಕಾರಕ್ಕ ಅದು ಕಟ್ಟತೈತೋ ಇಲ್ಲೋ ಅನ್ನೋದು ಬ್ಯಾರೆ ಲೆಕ್ಕ, ಆ ಲೆಕ್ಕಾನೂ ಮಾಡಬೇಕು, ಆದ್ರ ಕಾಕುನ ಮುಂದ ಅಲ್ಲ.

ಕಾಕು ವರ್ಷ ಬರೀಲಿಲ್ಲ. ಹೇಳಿದ್ದು ಇಷ್ಟ. ನಿಮ್ಮ ಓಣ್ಯಾಗ ಮಗ್ಗದಾಂವಗ ಹೆಣ್ಣು ಕೊಡಂಗಿಲ್ಲ ಅಂತ ಮೊದಲ ಅಂದಾವ್ರು ಯಾರು? ನಾವ. ನಾನ ಅಂದೆ, ನನ್ನ ತಂಗಿಗೆ ಬಂದ ಮಗ್ಗದ ಸಂಬಂಧ ಬ್ಯಾಡ ಅಂದು ನೌಕರಿ ಹುಡುಗ್ಗ ಕೊಡಿಸಿದೆ, ಈ ಮಗನ್ನ ಲಾಳಿ ಮುಟ್ಟಬ್ಯಾಡ ಅಂತ ಕೈಮ್ಯಾಲ ಹೊಡದು ಓದಿಸಿದೆ, ಅದಕ್ಯಾವ ಪಾರ್ಟಿ?

ಆಮ್ಯಾಲ ತಮ್ಮನ ಕಡೆ ತಿರುಗಿ, ಊರು ಸತ್ತೈತಿ ಅಂತೀಯಲ್ಲ, ಸತ್ತ ಊರಾಗ ಬ್ರೋಕರ್ ಆ ರೇಟ್ ಯಾಕ ಕೊಡಾಕತ್ತಾನ ಅಂತ ಕೇಳಿದ್ರು.

ಯಾರಿಗೂ ಉತ್ತರ ಇರಲಿಲ್ಲ. ಖರೇ ಅಂದ್ರ ಇದು ನಾವು ಇಷ್ಟು ದಿನದಾಗ ಒಮ್ಮೆನೂ ಕೇಳದ ಪ್ರಶ್ನೆ. 1997ರಾಗ ಜಿಲ್ಲಾ ಆದಮ್ಯಾಲ ಆಫೀಸುಗಳು, ಆಮ್ಯಾಲ ಮೆಡಿಕಲ್ ಕಾಲೇಜು, ನಾಗಾವಿ ಕಡೆ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯ, ಕೋಚಿಂಗ್ ಕ್ಲಾಸು, ಖಾನಾವಳಿ, ಪೇಯಿಂಗ್ ಗೆಸ್ಟ್ ಬೋರ್ಡು. ಊರು ಸತ್ತಿಲ್ಲ, ಬಟ್ಟಿ ಮತ್ತ ಹತ್ತಿ ಮ್ಯಾಲ ಬದುಕೋದು ಬಿಟ್ಟು ಸರ್ಕಾರಿ ಪಗಾರ, ಪೇಶಂಟು, ಸ್ಟೂಡೆಂಟು ಇವರ ಮ್ಯಾಲ ಬದುಕಾಕತ್ತೈತಿ. ಇದು ಚಲೋನೋ ಕೆಟ್ಟೋ ಹೇಳಾಕ ನನಗ ಬರಂಗಿಲ್ಲ. ನೇಕಾರಿಕಿ ಗೊತ್ತಿದ್ದ ಕೈಗೆ ಅಲ್ಲಿ ಕೆಲಸ ಇಲ್ಲ ಅನ್ನೋದಂತೂ ನಮ್ಮ ಮನ್ಯಾಗ ಕುಂತು ನೋಡೀನಿ. ತಮ್ಮ ರಾತ್ರಿ ಮಾಳಗಿಮ್ಯಾಲ ತನ್ನ ಖರೇ ವರ್ಷ ಹೇಳ್ದ, 2019. ಆ ವರ್ಷ ದೀಪಾವಳಿಗೆ ಬಂದಾಗ ಕ್ರಿಕೆಟ್ ಆಡಾಕ ಒಬ್ಬ ಗೆಳೆಯನೂ ಊರಾಗ ಉಳದಿರಲಿಲ್ಲಂತ. ಇಷ್ಟ ಹೇಳಿ ಮೊಬೈಲ್ ನೋಡ್ಕೋತ ಕುಂತ.

ಆಮ್ಯಾಲ ಏನಾತು

ಜಾಗ ಮಾರಲಿಲ್ಲ. ಕೆಟ್ಟಿದ್ದ ಮಗ್ಗ ಗುಜರಿಗೆ ಕಿಲೋದ ಲೆಕ್ಕದಾಗ ಹೋತು, ಇನ್ನೊಂದು ಉಳದೈತಿ. ಶೆಡ್ಡಿನ ಮುಂದಿನ ಅರ್ಧ ಬಾಡಗಿಗೆ ಕೊಟ್ಟಾರ, ತಮ್ಮಗ ಆ ಬಾಡಗಿ ಹೋಗತೈತಿ, ಫ್ಲ್ಯಾಟಿನ ಕಂತಿಗೆ ಅದು ಎಲ್ಲೀದೂ ಅಲ್ಲ, ಅಂವ ಇನ್ನೂ ಸಿಟ್ಟಿನ್ಯಾಗ ಅದಾನ. ಬಾಡಗಿ ತಗೊಂಡಾಂವ ಸೂರತ್ ಸೀರಿ ಹೋಲ್‌ಸೇಲ್‌ನವ. ಗೋದಾಮು ಮಾಡ್ಯಾನ. ಕಾಕಾ ಮೊದಲ ಮೂರು ದಿನ ಆ ಕಡೆ ಹೋಗಲಿಲ್ಲ, ನಾಲ್ಕನೇ ದಿನ ಒಂದು ಗಂಟು ಬಿಚ್ಚಿಸಿ, ಸೀರಿ ಅಂಚು ಬೆರಳಿನ್ಯಾಗ ತಿಕ್ಕಿ ನೋಡಿ, ನೇಯ್ಗಿ ಸಡಲ ಐತಿ ಅಂದ್ರಂತ.

ಜಗಳ ನಿಂತಿಲ್ಲ. ಚೀಟಿ ಆಟ ದೀಪಾವಳಿಗೆ ಮತ್ತ ಮಾಡಾಕ ಹೋದೆ, ಯಾರೂ ಬರೀಲಿಲ್ಲ, ಅತ್ತಿ ಅದರಾಗ ಎಲಿ-ಅಡಕಿ ಕಟ್ಟಿದ್ರು. ದೊಡ್ಡಪ್ಪ ಮಾತ್ರ ಗ್ರೂಪಿಗೆ ತಿರುಗಿ ಬಂದ್ರು. ಬಂದ ಮರುದಿನಾನ ಒಂದು ಫಾರ್ವರ್ಡ್, ಅದ ಪೋಸ್ಕೋ, ಈ ಸಲ ಫೋಟೋದ ಕೂಡ, ಫೋಟೋ ಯಾವುದೋ ಬ್ಯಾರೆ ಫ್ಯಾಕ್ಟರೀದು. ಉತ್ತರ ಟೈಪ್ ಮಾಡಿದೆ, ಅಳಿಸಿದೆ, ಫೋನ್ ಹಚ್ಚಿದೆ. ತೋರಣಗಲ್ಲಿಂದ ಅಣ್ಣ ಯಾವಾಗ ಬರ್ತಾನ ದೊಡ್ಡಪ್ಪಾ ಅಂತ ಕೇಳಿದೆ. ಇಪ್ಪತ್ತು ನಿಮಿಷ ಮಾತಾಡಿದ್ರು, ಮೊಮ್ಮಗಳು ಈಗ ಅಳಂಗಿಲ್ಲಂತ, ವಿಡಿಯೋದಾಗ ಮುತ್ಯಾ ಅಂತಾಳಂತ. ಇಡೋ ಮೊದಲ, ನಾ ಹಾಕಿದ ಮೆಸೇಜ್ ನೋಡಿದ್ಯೇನ ಅಂದ್ರು.

ನೋಡೀನ್ರಿ ದೊಡ್ಡಪ್ಪಾ.

ಮತ್ತ?